ಆರು ಮಾತಿಗೆ ಹಿಡಿದ ಕಿಲುಬು

ಮಾರ್ಚ್ 3, ಸೋಮವಾರ

ಇವತ್ತು ಬೋರ್ಡು ಗೆದ್ದಿತು, ನಾಲ್ಕನೆಯ ಸಲಕ್ಕೆ. ಮೊದಲಿನ ಮೂರನ್ನು ಬೇಡದ ತಾಮ್ರ ಕರಗಿಸುವ ದ್ರಾವಣದಲ್ಲಿ ಮುಳುಗಿಸಿಟ್ಟು ಮರೆತಿದ್ದೆ. ತೆಗೆದು ನೋಡಿದರೆ ಹೋಗಬೇಕಾದ ತಾಮ್ರದ ಜೊತೆಗೆ ಇರಬೇಕಾದ ತಾಮ್ರವೂ ಕರಗಿಹೋಗಿತ್ತು. ದಿನಾ ಹಾಲು ಉಕ್ಕಿಸುವವಳು ಇಲ್ಲಿ ಮಾತ್ರ ಜಾಣೆಯಾಗುತ್ತಾಳೆಯೇ!

ನೆನಪನ್ನು ನಂಬುವ ವಯಸ್ಸಲ್ಲ, ಆದ್ದರಿಂದ ಎಲ್ಲವನ್ನೂ ಬರೆದಿಡುತ್ತೇನೆ. ತಮ್ಮನಿಗೆ ಜನವರಿಯಲ್ಲಿ ಲಕ್ವ ಹೊಡೆಯಿತು, ಆಗಿನಿಂದ ನನ್ನ ಮನೆಯಲ್ಲೇ ಇದ್ದಾನೆ. ಬಲಗೈ, ಬಲಗಾಲು ಸೋತವು. ಕಾಲು ಊರುಗೋಲಿನ ಆಸರೆಯಲ್ಲಿ ಸ್ವಲ್ಪ ಮರಳಿದೆ, ಮಾತು ಮರಳಿಲ್ಲ. ಮೂವತ್ತೊಂದು ವರ್ಷ ಬಸ್ ನಿಲ್ದಾಣದ ಮೈಕಿನಲ್ಲಿ ಯಾವ ಬಸ್ಸು ಯಾವ ಕಟ್ಟೆಗೆ ಬರುತ್ತದೆಂದು ಕೂಗಿದವನು. ಆ ಗಂಟಲಿಗಾಗಿ ಎಲ್ಲರೂ ಅವನನ್ನು ಗಂಟೆ ಎಂದೇ ಕರೆಯುತ್ತಿದ್ದರು. ಈಗ ಗಂಟೆಗೆ ನಾಲಿಗೆಯಿಲ್ಲ. ತಲೆಯಾಡಿಸಿದರೂ ಅಡ್ಡಕ್ಕೂ ಅಲ್ಲ, ಉದ್ದಕ್ಕೂ ಅಲ್ಲ, ಮೂಲೆಯಿಂದ ಮೂಲೆಗೆ. ಹೌದೋ ಇಲ್ಲವೋ ಆ ಬ್ರಹ್ಮನಿಗೇ ಗೊತ್ತು. ಎಡಗೈ ಬರಹವೋ, ಕೋಳಿ ಕೆದಕಿದ ಹಾಗೆ. ಫೋನಿನ ಪರದೆಯ ಮೇಲೆ ಬೆರಳು ನಡುಗಿ ಒಂದು ಒತ್ತುವಲ್ಲಿ ಮೂರು ಒತ್ತುತ್ತದೆ. ಒತ್ತುವ ಗುಂಡಿಗಳಿಗೆ ಅವನ ಬೆರಳಿನ ಬಲ ಸಾಲದು.

ಅದಕ್ಕೇ ಈ ಬೋರ್ಡು. ಅಂಗೈ ಅಗಲದ ಆರು ತಾಮ್ರದ ಬಿಲ್ಲೆಗಳು, ಪ್ರತಿಯೊಂದರ ನಡುವೆ ಕೂದಲೆಳೆಯ ಸೀಳು. ಬೆರಳು ಸುಮ್ಮನೆ ತಾಗಿದರೆ ಸಾಕು, ಬೆರಳಿನ ತೇವವೇ ಆ ಸೀಳಿಗೆ ಸೇತುವೆಯಾಗಿ, ಪಕ್ಕದಲ್ಲಿ ಬರೆದ ಮಾತಿನ ಹಿಂದೆ ದೀಪ ಹತ್ತಿ ಸಣ್ಣಗೆ ಸದ್ದಾಗುತ್ತದೆ. ಹೌದು ಎಂದರೆ ಕೀಚಲು ಸ್ವರ, ಇಲ್ಲ ಎಂದರೆ ದಪ್ಪ ಸ್ವರ. ಆರು ಮಾತುಗಳನ್ನು ನಾನೇ ಆರಿಸಿದೆ: ಹೌದು, ಇಲ್ಲ, ನೀರು, ನೋವು, ಸಾಕು, ಅಕ್ಕ. ಇದಕ್ಕಿಂತ ಹೆಚ್ಚಿನದು ಅವನಿಗೇನು ಬೇಕು?

ಅವನ ಮಗಳು ದನದ ಡಾಕ್ಟರು. ಬೇರೆ ಊರಲ್ಲಿದ್ದಾಳೆ. ಮೂವತ್ತನೇ ತಾರೀಕು ಬರುತ್ತಾಳಂತೆ. "ಅತ್ತೆ, ಅಪ್ಪನಿಗೆ ನನ್ನ ಮನೇಲಿ ಕೋಣೆ ರೆಡಿ ಇದೆ. ಆದ್ರೆ ಎಲ್ಲಿರಬೇಕು ಅಂತ ಅಪ್ಪನೇ ಹೇಳ್ಲಿ. ಹೇಳೋಕೇ ಆಗ್ಲಿಲ್ಲ ಅಂದ್ರೆ ನಾನು ಕರ್ಕೊಂಡು ಹೋಗ್ತೀನಿ," ಎಂದಳು ಫೋನಿನಲ್ಲಿ. ಸರಿಯಮ್ಮ, ಹೇಳುತ್ತಾನೆ. ಏನು ಹೇಳುತ್ತಾನೆಂದು ನನಗೆ ಗೊತ್ತಿಲ್ಲವೇ? ಮದುವೆಯ ಗೊಡವೆಗೇ ಹೋಗದ ನಾನು ಎತ್ತಿ ಆಡಿಸಿದ ಕೂಸು ನನ್ನ ತಮ್ಮ. ಸೈಕಲ್ ಅಂಗಡಿಯ ಹಿಂಬದಿಯಲ್ಲಿ ಅವನು ಒಂಟಿಯಾಗಿದ್ದ ಕೋಣೆಯನ್ನು ತಿಂಗಳ ಕೊನೆಗೆ ಬಿಟ್ಟುಕೊಡುತ್ತೇವೆಂದು ಆಗಲೇ ಹೇಳಿ ಬಂದಿದ್ದೇನೆ.

ಮಾರ್ಚ್ 4, ಮಂಗಳವಾರ

ಮೊದಲ ದಿನವೇ ಭರ್ಜರಿ. ಗಂಜಿ ಬೇಕೇನೋ ಎಂದೆ, ಇಲ್ಲ. ಹಾಲು? ಇಲ್ಲ. ಹಣ್ಣು? ಇಲ್ಲ. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ತಂತಿ ಬೆಸೆಯುತ್ತಿದ್ದಾಗಿನ ಕಥೆ ಶುರುಮಾಡಿದೆ. ಸಾಕು. ಲಕ್ವ ಹೊಡೆದರೂ ಕೊಬ್ಬು ಇಳಿದಿಲ್ಲ.

ಮಾರ್ಚ್ 7, ಶುಕ್ರವಾರ

ಇಲ್ಲ ಎಂಬ ಬಿಲ್ಲೆ ಕೆಲಸ ನಿಲ್ಲಿಸಿದೆ. ಮೂರು ಸಲ ತಾಗಿಸಿದರೆ ಒಂದು ಸಲ ಹತ್ತುತ್ತದೆ. ಭೂತಗನ್ನಡಿ ಹಿಡಿದು ನೋಡಿದೆ. ಹೊಸ ಬಿಲ್ಲೆ ಕಂದುಗಟ್ಟಿತ್ತು, ಅವನ ಬೆರಳಿನ ಸುಳಿಯಂತೂ ಅಚ್ಚೊತ್ತಿದ ಹಾಗೆ ಕಾಣುತ್ತಿತ್ತು. ಬೆರಳಿನ ಬೆವರು, ಗಾಳಿ, ತೇವ, ಮೂರೂ ಸೇರಿದರೆ ತಾಮ್ರ ಯಾರಪ್ಪನ ಮಾತೂ ಕೇಳುವುದಿಲ್ಲ, ಕಪ್ಪಾಗುತ್ತದೆ. ಮೇಲೆ ಕಟ್ಟಿದ ಆ ಪದರ ವಿದ್ಯುತ್ತಿಗೆ ಅಡ್ಡಗೋಡೆ. ಹೌದು ಬಿಲ್ಲೆ ಮಾತ್ರ ಇನ್ನೂ ಮದುವಣಗಿತ್ತಿಯ ಹಾಗೆ ಹೊಳೆಯುತ್ತಿದೆ. ಯಾಕೆಂದರೆ ಅದನ್ನು ಮುಟ್ಟಿದವರೇ ಇಲ್ಲ.

ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿದೆ. ಮತ್ತೆ ಹತ್ತಿತು. ಹತ್ತಿದ್ದೇ ತಡ, ನನ್ನ ಮುಖಕ್ಕೇ ಒಂದು ಇಲ್ಲ ಬಂತು.

ಮಾರ್ಚ್ 9, ಭಾನುವಾರ

ದಿನಾ ಉಜ್ಜುತ್ತ ಕೂತರೆ ಬೋರ್ಡಿನಲ್ಲಿ ಉಳಿಯುವುದು ತೂತು ಮಾತ್ರ. ಪಾತ್ರೆ ಬೆಳಗುವವಳಿಗೆ ಉಪಾಯಕ್ಕೆ ಬರವೇ? ನಿಂಬೆಹೋಳಿಗೆ ಉಪ್ಪು ಹಚ್ಚಿ ತಿಕ್ಕಿದೆ. ಆಹಾ, ಸೂರ್ಯ ಹುಟ್ಟಿದ ಹಾಗೆ! ಬಟ್ಟೆಯಲ್ಲಿ ಒರೆಸಿ ಅವನ ಮುಂದಿಟ್ಟೆ. "ನೋಡೋ, ನಿನ್ನ ಅಕ್ಕ ಯಾವ ಎಂಜಿನಿಯರ್‌ಗೆ ಕಮ್ಮಿ?" ಎಂದೆ. ಅವನು ಬಹಳ ಹೊತ್ತು ಯೋಚಿಸಿ ನೋವು ಮುಟ್ಟಿದ.

ಮಾರ್ಚ್ 11, ಮಂಗಳವಾರ

ಹಸಿರು! ಬಿಲ್ಲೆಗಳ ಅಂಚಿಗೆಲ್ಲ ಪಾಚಿಯ ಹಾಗೆ ಕಿಲುಬು. ಹುಳಿಯನ್ನೂ ಉಪ್ಪನ್ನೂ ಬಟ್ಟೆಯಲ್ಲಿ ಒರೆಸಿದ್ದೆನೇ ಹೊರತು ನೀರಿನಲ್ಲಿ ತೊಳೆದಿರಲಿಲ್ಲ. ಉಪ್ಪಿನಕಾಯಿ ಹಾಕಿದ ಹಾಗಾಯಿತು. ಬೈದುಕೊಳ್ಳುತ್ತ ಬಿಸಿನೀರು, ಸೋಪು, ಮತ್ತೆ ನೀರು, ಕೊನೆಗೆ ಸ್ಪಿರಿಟ್. ಅರ್ಧ ದಿನ ಅವನಿಗೆ ಮಾತಿಲ್ಲ. ನನಗಂತೂ ಇತ್ತು.

ಮಾರ್ಚ್ 14, ಶುಕ್ರವಾರ

ಗಾಳಿಯೇ ತಾಗದ ಹಾಗೆ ಮುಚ್ಚಿಬಿಟ್ಟರೆ? ಉಗುರಿಗೆ ಹಚ್ಚುವ, ಬಣ್ಣವೇ ಇಲ್ಲದ ಬಣ್ಣ ಸಿಗುತ್ತದಲ್ಲ, ಅದು ಒಣಗಿದರೆ ಗಾಜಿನ ಪದರದ ಹಾಗೆ. ಅಂಗಡಿಯ ಹುಡುಗಿ, "ಯಾರಿಗಜ್ಜಿ?" ಎಂದಳು. "ನನ್ನ ತಮ್ಮನಿಗೆ." ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಶೀಶೆ ಕೊಟ್ಟಳು.

ಇಡೀ ಬೋರ್ಡಿಗೆ ಎರಡು ಕೈ ಬಳಿದೆ. ಕರೆಂಟು ಹರಿಯುವ ತಾಮ್ರದ ಗೆರೆ, ಬಿಲ್ಲೆ, ಮೂಲೆ, ಏನೂ ಬಿಡಲಿಲ್ಲ. ಕನ್ನಡಿಯ ಹಾಗೆ ಮಿಂಚುತ್ತಿದೆ. ಇನ್ನು ಕಿಲುಬಪ್ಪ ಬಂದರೂ ಒಳಗೆ ಪ್ರವೇಶವಿಲ್ಲ.

ಮಾರ್ಚ್ 17, ಸೋಮವಾರ

ಇವನಿಗೇನಾಗಿದೆ? ಶನಿವಾರದಿಂದ ಒಂದು ಮಾತಿಲ್ಲ. ಬೋರ್ಡು ಮುಂದಿಟ್ಟರೆ ಒಂದು ಬೆರಳಿಟ್ಟು ನನ್ನ ಮುಖ ನೋಡುತ್ತಾನೆ, ಆಮೇಲೆ ತಳ್ಳಿಬಿಡುತ್ತಾನೆ. ಬೋರ್ಡು ಕೆಟ್ಟಿತೇನೋ ಎಂದು ಕರೆಂಟು ಅಳೆಯುವ ಮೀಟರಿನ ಎರಡು ಸೂಜಿಗಳನ್ನು ಬಿಲ್ಲೆಗೆ ಊರಿ ಪರೀಕ್ಷಿಸಿದೆ. ಆರಕ್ಕೆ ಆರೂ ಸರಿಯಾಗಿವೆ. ಅಂದಮೇಲೆ ಇದು ಹಟವೇ. ಚಿಕ್ಕಂದಿನಲ್ಲೂ ಹಾಗೇ, ಮುನಿದರೆ ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದ. ಈಗ ಮಂಚದ ಮೇಲೆಯೇ ಮುನಿದಿದ್ದಾನೆ, ಅಷ್ಟೇ ವ್ಯತ್ಯಾಸ.

ಮಾರ್ಚ್ 18, ಮಂಗಳವಾರ

ಮಗಳ ಫೋನು. ಸ್ಪೀಕರ್ ಹಾಕಿದೆ.

"ಅಪ್ಪಾ, ಕೇಳಿಸ್ತಿದ್ಯಾ? ಬೋರ್ಡಿದ್ಯಲ್ಲ, ಒಂದ್ಸಲ ಹೌದು ಅನ್ನು."

ಸದ್ದಿಲ್ಲ.

"ಅತ್ತೆ, ಅಪ್ಪ ಮುಟ್ತಾನೇ ಇಲ್ವಾ?"

"ಮುಟ್ತಾನೆ, ಮುಟ್ತಾನೆ. ಇವತ್ತು ಸ್ವಲ್ಪ ಗಾಂಭೀರ್ಯ ಜಾಸ್ತಿ. ಆರಾಮಾಗಿದ್ದಾನೆ ಕಣೇ. ಊಟ ಚೆನ್ನಾಗಿ ಸೇರ್ತಿದೆ. ಇಲ್ಲೇ ಇರ್ತಾನಂತೆ."

"ಅಪ್ಪ ಹಾಗಂದ್ನಾ?"

"ಅನ್ನೋದೇನು, ನನಗೆ ಗೊತ್ತಾಗಲ್ವಾ?"

ತಮ್ಮ ನೀರಿನ ಲೋಟವನ್ನು ಎಡಗೈಯಲ್ಲಿ ನೂಕಿ ನೆಲಕ್ಕೆ ಕೆಡವಿದ. ಬೇಕೆಂದೇ. ಒರೆಸುತ್ತ ಒಂದು ಗಂಟೆ ಬೈದೆ. ಸಾಕು ಎನ್ನಬಹುದಿತ್ತಲ್ಲ? ಅದನ್ನೂ ಅನ್ನಲಿಲ್ಲ.

ಮಾರ್ಚ್ 19, ಬುಧವಾರ

ಹೇಗೆ ಬರೆಯಲಿ! ಬೆಳಿಗ್ಗೆ ಬೋರ್ಡಿನ ಧೂಳು ಒರೆಸುವಾಗ ನನ್ನ ಹೆಬ್ಬೆರಳು ಹೌದು ಬಿಲ್ಲೆಯ ಮೇಲೆಯೇ ಕೂತಿತು. ದೀಪ ಹತ್ತಲಿಲ್ಲ. ಒತ್ತಿದೆ, ಇಲ್ಲ. ನೆಕ್ಕಿ ಒದ್ದೆ ಮಾಡಿ ಒತ್ತಿದೆ, ಆಗಲೂ ಇಲ್ಲ. ಆರೂ ಬಿಲ್ಲೆ ಕಲ್ಲು.

ಮೀಟರಿನ ಸೂಜಿ ಚೂಪು. ಅದು ಉಗುರುಬಣ್ಣದ ಪದರವನ್ನು ಚುಚ್ಚಿಕೊಂಡು ತಾಮ್ರ ಮುಟ್ಟುತ್ತಿತ್ತು. ಬೆರಳು ಚುಚ್ಚುತ್ತದೆಯೇ? ಗಾಳಿಯನ್ನು ತಡೆಯಲು ಹೋಗಿ ನಾನು ಅವನ ಬೆರಳನ್ನೇ ತಡೆದಿದ್ದೆ. ಐದು ದಿನ ಅವನು ಮುಟ್ಟಿದ್ದಾನೆ, ಮುಟ್ಟಿ ಮುಟ್ಟಿ ನನ್ನ ಮುಖ ನೋಡಿದ್ದಾನೆ, ನಾನು ಹಟ ಎಂದು ಬರೆದಿಟ್ಟಿದ್ದೇನೆ. ಇಗೋ ಹಿಂದಿನ ಪುಟದಲ್ಲಿದೆ, ಹರಿಯುವುದಿಲ್ಲ, ಇರಲಿ.

ಮಂಚದ ಪಕ್ಕ ಕೂತು ಹೇಳಿದೆ, "ನಾನೇ ಕಣೋ ನಿನ್ನ ಬಾಯಿ ಮುಚ್ಚಿದ್ದು." ಅವನು ಎಡಗೈ ಎತ್ತಿ ತೋರುಬೆರಳನ್ನು ನನ್ನ ತುಟಿಯ ಮೇಲಿಟ್ಟ. ಸುಮ್ಮನಿರು ಎಂದೋ, ನಿನಗೂ ಎರಡು ಕೈ ಬಳಿಯಲೇ ಎಂದೋ. ಕಣ್ಣಲ್ಲಿ ಮಾತ್ರ ಹಳೆಯ ಕಿಲಾಡಿತನವಿತ್ತು. ಅಲ್ಲಿಯತನಕ ನಾನು ಅತ್ತಿರಲಿಲ್ಲ.

ಮಾರ್ಚ್ 20, ಗುರುವಾರ

ಉಗುರುಬಣ್ಣ ತೆಗೆಯುವ ದ್ರವದಲ್ಲಿ ಒರೆಸಿ, ಬೋರ್ಡನ್ನು ಚೀಲಕ್ಕೆ ಹಾಕಿಕೊಂಡು ಪಾತ್ರೆ ಕಲಾಯಿ ಹಾಕುವ ಮೇಸ್ತ್ರಿಯ ಬಳಿಗೆ ಹೋದೆ. ತಾಮ್ರದ ವಿಷಯ ತಾಮ್ರದವನನ್ನೇ ಕೇಳಬೇಕು. ಹೋಟೆಲಿನವರ ದೊಡ್ಡ ಹಂಡೆಯೊಂದರ ಒಳಗೆ ಅರ್ಧ ದೇಹ ಇಳಿಸಿ ಕೂತಿದ್ದ.

"ಇದೇನಮ್ಮಾ, ಪಾತ್ರೆನಾ? ಇರುವೆಗೆ ಅಡುಗೆ ಮಾಡ್ತೀರಾ?"

"ನನ್ನ ತಮ್ಮನ ಬಾಯಪ್ಪ ಇದು. ಕಿಲುಬು ಹಿಡೀತಿದೆ. ಏನು ಬಳಿದ್ರೂ ಕೆಲಸ ಕೆಡ್ತಿದೆ."

ಎಲ್ಲವನ್ನೂ ಕೇಳಿಸಿಕೊಂಡು ತಲೆ ಚಚ್ಚಿಕೊಂಡ. "ಅಲ್ಲಮ್ಮಾ, ಹಂಡೆ ಒಳಗೆ ಯಾರಾದ್ರೂ ಬಣ್ಣ ಹೊಡೀತಾರಾ? ಅನ್ನ ಮುಟ್ಟೋ ಕಡೆ ತವರ. ಹೊರಗಡೆ ಏನು ಬೇಕಾದ್ರೂ ಬಳ್ಕೊಳಿ. ತವರ ತಾಮ್ರದ ಮೇಲೆ ಕೂತ್ರೆ ಗಾಳಿ ತಾಮ್ರಕ್ಕೆ ಹೋಗಲ್ಲ, ಆದ್ರೆ ತವರವೂ ಲೋಹ ತಾನೇ? ನಿಮ್ಮ ಕರೆಂಟಿಗೆ ಅದೇನು ಅಡ್ಡಿ?"

ನಾನು ಬಾಯಿ ತೆರೆದುಕೊಂಡು ನಿಂತೆ. ನಲವತ್ತು ವರ್ಷದಿಂದ ಬೆಸುಗೆ ಕಡ್ಡಿ ಹಿಡಿದವಳು. ಡಬ್ಬಿ ತುಂಬ ತವರದ ತಂತಿ ಇಟ್ಟುಕೊಂಡು ಉಗುರುಬಣ್ಣ ಹುಡುಕಿಕೊಂಡು ಹೋಗಿದ್ದೆ!

"ಒಂದು ಮಾತು," ಎಂದ ಮೇಸ್ತ್ರಿ. "ಮೊದ್ಲು ತೊಳೀರಿ. ಕೊಳೆ ಮೇಲೆ ಹಾಕಿದ ಕಲಾಯಿ ಕೊಳೆನೇ ಕಾಪಾಡುತ್ತೆ. ಕಲಾಯಿ ಹಿಡೀಲಿ ಅಂತ ನಾವು ಉಜ್ಜೋ ನವಸಾಗರದ ಪುಡಿ ನಿಮ್ಮ ಗೆರೆಗಳಿಗೆ ಬೇಡ, ತಿಂದ್ಹಾಕುತ್ತೆ. ಬೆಸುಗೆಗೆ ಅಂತ ನಿಮ್ಮ ಹತ್ರ ಇರೋ ರಾಳನೇ ಸಾಕು."

ಮಾರ್ಚ್ 22, ಶನಿವಾರ

ಹಳೆಯ ಬೋರ್ಡು ಉಜ್ಜಿ ಉಜ್ಜಿ ಸವೆದಿದೆ. ಹೊಸದನ್ನೇ ಮಾಡುವುದೆಂದು ಹಾಳೆ ತೆಗೆದೆ. ಆರು ಮಾತು ಬರೆಯಲು ಹೋದವಳು ಯಾಕೋ ಕೇಳಿದೆ, "ಇವೇ ಇರಲೇನೋ?"

ಇಲ್ಲ. (ಹಳೆಯ ಬೋರ್ಡಿನ ಇಲ್ಲ ಇನ್ನೂ ಹತ್ತುತ್ತದೆ, ಗಟ್ಟಿ ಜೀವ.)

ಎರಡು ತಾಸು ಹಿಡಿಯಿತು. ನಾನು ಪದ ಹೇಳುವುದು, ಅವನು ಇಲ್ಲ ಎನ್ನುವುದು. ಔಷಧಿ? ದಿಂಬು? ಸ್ನಾನ? ಟಿವಿ? ಕೊನೆಗೆ ರೋಸಿಹೋಗಿ, "ತಾಳಪ್ಪ, ಯೋಚನೆ ಮಾಡ್ತೀನಿ" ಎಂದದ್ದೇ ತಡ, ಹೌದು, ಹೌದು! ಏನು ಹೌದು? ತಾಳು ಬೇಕಂತೆ. ಇನ್ನೊಂದು, ಬೇರೆ. "ಬೇರೆ ಏನು ಬೇಕೋ?" ಎಂದು ಕೇಳಿ ಕೇಳಿ ಸುಸ್ತಾದ ಮೇಲೆ ತಿಳಿಯಿತು, ಆ ಪದವೇ ಬೇಕಿತ್ತು. ನಾನು ಕೊಟ್ಟ ಪಟ್ಟಿಯಲ್ಲಿ ಇಲ್ಲದ್ದನ್ನು ಹೇಳಲಿಕ್ಕೆ. ಅಲ್ಲಿಗೆ ಎಂಟು ಬಿಲ್ಲೆ.

ಈ ಸಲ ದ್ರಾವಣದ ಮುಂದೆಯೇ ಕುರ್ಚಿ ಹಾಕಿಕೊಂಡು ಕೂತೆ. ತೊಳೆದೆ, ಮತ್ತೆ ತೊಳೆದೆ. ಕೈಗೆ ಹತ್ತಿಯ ಗವಸು, ನನ್ನ ಬೆರಳಚ್ಚೂ ಬೀಳಬಾರದು. ರಾಳ ಸವರಿ, ಸೀಸ ಸೇರದ ತವರದ ತಂತಿಯಿಂದ ಒಂದೊಂದೇ ಬಿಲ್ಲೆಗೆ ಕಲಾಯಿ. ಕರಗಿದ ತವರ ಬಿಲ್ಲೆಯ ಮೇಲೆ ಬೆಣ್ಣೆಯ ಹಾಗೆ ಹರಡಿ ಬೆಳ್ಳಗೆ ಕೂತಿತು. ಬೇರೆ ಎಂಬ ಬಿಲ್ಲೆಯಲ್ಲಿ ತವರ ಹೆಚ್ಚಾಗಿ ಸೀಳೇ ಮುಚ್ಚಿತು, ದೀಪ ಆರುವುದೇ ಇಲ್ಲ. ತವರ ಹೀರುವ ತಾಮ್ರದ ಜಾಲರಿಯಿಂದ ತೆಗೆದು ಮತ್ತೆ ಹಾಕಿದೆ. ರಾಳದ ಅಂಟನ್ನು ಸ್ಪಿರಿಟ್ಟಿನಲ್ಲಿ ತೊಳೆದು, ಬಿಲ್ಲೆಗಳಿಗೆ ಟೇಪು ಅಂಟಿಸಿ, ಗೆರೆಗಳಿಗೆ ಮಾತ್ರ ಉಗುರುಬಣ್ಣ. ಮೀಟರನ್ನು ಪೆಟ್ಟಿಗೆಯಿಂದ ಹೊರಗೇ ತೆಗೆಯಲಿಲ್ಲ. ಬೆರಳಿನಿಂದಲೇ ಪರೀಕ್ಷೆ, ಮೊದಲು ಅವನ ಬೆರಳಿನಿಂದ.

ಮಾರ್ಚ್ 26, ಬುಧವಾರ

ನಾಲ್ಕು ದಿನವಾಯಿತು, ಕಲೆಯಿಲ್ಲ. ಮೇಸ್ತ್ರಿಗೆ ಹೇಳಿ ಬಂದೆ, ಹಂಡೆಯೊಳಗಿಂದಲೇ ಕೈ ಎತ್ತಿದ.

ತಾಳು ಬಿಲ್ಲೆಗೆ ಬಿಡುವೇ ಇಲ್ಲ. ಊಟಕ್ಕೆ ಬಡಿಸಲು ಹೋದರೆ ತಾಳು, ಅಂಗಿ ಹಾಕಲು ಹೋದರೆ ತಾಳು. ಗುಂಡಿಯನ್ನು ತಾನೇ ಎಡಗೈಯಲ್ಲಿ ಹಾಕಿಕೊಳ್ಳುತ್ತಾನೆ, ಒಂದಕ್ಕೆ ಹತ್ತು ನಿಮಿಷ. ಕಾಯುತ್ತ ಕಿಟಕಿಯಾಚೆ ನೋಡಿದರೆ ಎದುರು ಮನೆಯ ಬೆಕ್ಕಿಗೆ ಮೂರು ಮರಿಗಳಾಗಿವೆ. ಗೊತ್ತೇ ಇರಲಿಲ್ಲ.

ಹಿಂದಿನ ಕೋಣೆಗೆ ಸುಣ್ಣ ಹೊಡೆಸಿದೆ, ಅವನಿಗಾಗಿ. ಭಾನುವಾರ ಮಗಳು ಬಂದು ನೋಡಲಿ.

ಮಾರ್ಚ್ 30, ಭಾನುವಾರ

ಬಂದಳು. ಕೈಕಾಲು ತೊಳೆದು ಅಪ್ಪನ ಎದುರು ನೆಲದ ಮೇಲೆಯೇ ಕೂತಳು.

"ಕುರ್ಚಿ ಮೇಲೆ ಕೂತ್ಕೊಳ್ಳೇ," ಎಂದೆ.

"ಬೇಡ ಅತ್ತೆ. ಮಾತಾಡದ ರೋಗಿಗಳ ಜೊತೇನೇ ನನ್ನ ಕೆಲಸ, ಅವರ ಕಣ್ಣಿನ ಮಟ್ಟಕ್ಕೆ ಕೂರ್ಬೇಕು. ಅಪ್ಪಾ, ಹಸುವಿಗೆ ಹೋಲಿಸ್ದೆ ಅಂತ ಬೇಜಾರಾಯ್ತಾ?"

ಇಲ್ಲ. ದಪ್ಪ ಸ್ವರ ಕೇಳಿ ಅವಳು ಕುಣಿದೇಬಿಟ್ಟಳು. ಆಮೇಲೆ ಕೈ ಹಿಡಿದುಕೊಂಡು ಕೇಳಿದಳು, "ನನ್ನ ಜೊತೆ ಬರ್ತೀಯಾ?"

"ಅವನಿಗೆ ಅಲ್ಲಿನ ಹವಾ..." ಎಂದು ಬಾಯಿ ತೆರೆದೆ. ತಾಳು. ಮುಚ್ಚಿದೆ.

ಅವನು ಮಗಳನ್ನು ನೋಡುತ್ತ ಬೆರಳು ಸರಿಸಿದ. ಇಲ್ಲ.

ನನಗೆ ಹಿಡಿಸಲಾರದ ಹಿಗ್ಗು. "ನಾನ್ ಹೇಳ್ಲಿಲ್ವಾ? ಇಲ್ಲೇ ಇರ್ತೀಯಲ್ಲ ಕಣೋ, ಅಕ್ಕನ ಹತ್ರ?"

ಇಲ್ಲ.

"ಬೋರ್ಡು ಕೆಟ್ಟಿದೆ," ಎಂದೆ. "ತವರ ಸಡಿಲ ಆಗಿರ್ಬೇಕು. ತಡಿ, ಮೀಟರ್ ತರ್ತೀನಿ."

"ಅತ್ತೆ, ಕೂತ್ಕೊಳಿ."

ಕೂರಲಿಲ್ಲ. ನನ್ನದೇ ಬೆರಳಿನಿಂದ ಎಂಟು ಬಿಲ್ಲೆಯನ್ನೂ ಮುಟ್ಟಿದೆ. ಎಂಟೂ ಹತ್ತಿದವು. ಇಷ್ಟು ಚೆನ್ನಾಗಿ ಯಾಕಾದರೂ ಮಾಡಿದೆನೋ. ಅವನು ನನ್ನ ಕೈಯನ್ನು ಮೆತ್ತಗೆ ಸರಿಸಿ ಬೇರೆ ಎಂಬುದನ್ನು ಮುಟ್ಟಿದ.

ಮಗಳು ಒಂದೊಂದೇ ಕೇಳಿದಳು. ಆಸ್ಪತ್ರೆಯಾ? ಇಲ್ಲ. ಹತ್ತಿರದಲ್ಲೇ ಬೇರೆ ಮನೆಯಾ? ಇಲ್ಲ. ನನಗೆ ಆಗಲೇ ಗೊತ್ತಾಗಿತ್ತು. ಮೊದಲನೇ ಬೇರೆಗೇ ಗೊತ್ತಾಗಿತ್ತು. ಹೇಳಲಿಲ್ಲ. ಅವನು ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ಅಷ್ಟರಲ್ಲಿ ಅವಳೇ ಕೇಳಿದಳು, "ನಿನ್ನ ರೂಮಾ ಅಪ್ಪಾ? ಸೈಕಲ್ ಅಂಗಡಿ ಹಿಂದಿಂದು?"

ಹೌದು, ಹೌದು, ಹೌದು, ಹೌದು, ಬಸ್ಸಿನ ಹಾರನ್ನಿನ ಹಾಗೆ.

"ಒಬ್ಬನೇ ಹೇಗಪ್ಪಾ?"

ತಾಳು, ಎಂದು ಮುಟ್ಟಿ ಎದ್ದ. ಊರುಗೋಲು ಹಿಡಿದು ಬಾಗಿಲಿನ ತನಕ ನಡೆದು, ತಿರುಗಿ, ಬಂದು ಕೂತ. ನಮ್ಮಿಬ್ಬರನ್ನೂ ಕೈ ಹಿಡಿಯಲು ಬಿಡಲಿಲ್ಲ. ಅಂಗಿಯ ಐದು ಗುಂಡಿಗಳನ್ನೂ ಒಂದೊಂದಾಗಿ ಮುಟ್ಟಿ ತೋರಿಸಿದ. ಬೆಳಿಗ್ಗೆ ಒಬ್ಬ ಸಹಾಯಕಿಯನ್ನು ಗೊತ್ತುಮಾಡುವುದು, ಸಂಜೆ ನಾನು ಹೋಗಿ ಬರುವುದು, ಆಗದಿದ್ದರೆ ಮತ್ತೆ ನೋಡೋಣ ಎಂದಾಯಿತು. ಎಲ್ಲಕ್ಕೂ ಅವನನ್ನು ಕೇಳಿದೆವು. ಸಹಾಯಕಿಗೆ ಮಾತ್ರ ಮೂರು ಸಲ ಇಲ್ಲ ಎಂದು, ಮಗಳು ಕಣ್ಣು ಕೆಕ್ಕರಿಸಿದ ಮೇಲೆ ಒಂದು ಹೌದು.

ಆಗ ಹೇಳಲೇಬೇಕಾಯಿತು. "ರೂಮು ನಾಳೆ ಬಿಟ್ಕೊಡ್ತೀವಿ ಅಂತ ನಾನೇ ಹೇಳಿ ಬಂದಿದ್ದೀನಿ."

ಇಬ್ಬರೂ ಒಂದೇ ಥರ ನನ್ನ ಕಡೆ ತಿರುಗಿದರು. ಅಪ್ಪ ಮಗಳು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಮಾರ್ಚ್ 31, ಸೋಮವಾರ

ಬೆಳಿಗ್ಗೆ ಏಳಕ್ಕೇ ಸೈಕಲ್ ಅಂಗಡಿಯವರ ಮುಂದೆ ನಿಂತಿದ್ದೆ. "ಬಿಡಲ್ವಾ?" ಎಂದರು ಅವರು. "ಅಯ್ಯೋ, ನಾನು ಬೇರೆಯವ್ರಿಗೆ ಮಾತು ಕೊಟ್ಟುಬಿಟ್ಟಿದ್ದೀನಲ್ಲಮ್ಮಾ! ಇನ್ನೇನು ಬರ್ತಾರೆ, ಸಾಮಾನು ಸಮೇತ."

ಬಂದರು, ಹೊಸದಾಗಿ ಮದುವೆಯಾದವರು, ಎರಡು ಟ್ರಂಕು, ಒಂದು ಹಾಸಿಗೆ ಸುರುಳಿ. ರಸ್ತೆಯಲ್ಲೇ ಎಲ್ಲವನ್ನೂ ಹೇಳಿದೆ, ಉಗುರುಬಣ್ಣವನ್ನೂ ಬಿಡದೆ. ಆ ಹುಡುಗಿಗೆ ನಗುವೂ ಬಂತು, ಕಣ್ಣೂ ಒದ್ದೆಯಾಯಿತು. ಆದರೆ ಟ್ರಂಕಿಗೆ ಕಾಲಿಲ್ಲವಲ್ಲ, ಅವು ಎಲ್ಲಿಗೆ ಹೋಗಬೇಕು?

ನನ್ನ ಮನೆಗೆ! ಸುಣ್ಣ ಹೊಡೆದ ಹಿಂದಿನ ಕೋಣೆ ಖಾಲಿ ತಾನೇ ಇರುವುದು. ಬೇರೆ ಬಾಗಿಲೂ ಇದೆ. ಮಧ್ಯಾಹ್ನದ ಹೊತ್ತಿಗೆ ಅವರು ಒಳಗೆ, ಸಂಜೆಯ ಹೊತ್ತಿಗೆ ತಮ್ಮ ತನ್ನ ಕೋಣೆಯೊಳಗೆ. ದಿಂಬು ಎಲ್ಲಿಡಲೋ ಎಂದು ಕೇಳಿದೆ. ಅವನು ತೋರಿಸಿದ ಕಡೆಯೇ ಇಟ್ಟೆ, ಅಲ್ಲಿ ಬೆಳಕು ಸಾಲದು.

ಏಪ್ರಿಲ್ 6, ಭಾನುವಾರ

ವಾರವಾಯಿತು. ಬೋರ್ಡು ತಳತಳ ಅನ್ನುತ್ತಿದೆ, ಅವನ ಗಡ್ಡ ಬೆಳೆದಿದೆ. ಬಸ್ ನಿಲ್ದಾಣ ಪಕ್ಕದಲ್ಲೇ, ಕೋಣೆಯಲ್ಲಿ ಬಸ್ಸುಗಳ ಸದ್ದು ಕಿವಿಗಡಚಿಕ್ಕುತ್ತದೆ. ಒಂದೊಂದು ಬಸ್ಸು ಬಂದಾಗಲೂ ತುಟಿಯಾಡಿಸುತ್ತಾನೆ. ಮಾತು ಕಲಿಸುವ ಮೇಡಂ ಅದು ಒಳ್ಳೆಯದು ಎಂದರಂತೆ, ಬೆಳಗಿನ ಸಹಾಯಕಿ ಹೇಳಿದಳು.

ಶುಕ್ರವಾರ ಹೊರಡುವ ಹೊತ್ತಿಗೆ ಬೇರೆ ಮುಟ್ಟಿದ. ಹೊಸ ಮಾತು ಬೇಕಂತೆ. ಚೀಲ ಇಳಿಸಿ ಕೂತೆ. ಟೀ? ಔಷಧಿ? ಅಂಗಡಿಯವರು? ಇಲ್ಲ, ಇಲ್ಲ, ಇಲ್ಲ. ಅವನು ನನ್ನನ್ನು ತೋರಿಸುತ್ತಾನೆ, ಬಾಗಿಲು ತೋರಿಸುತ್ತಾನೆ, ಕೈ ಮತ್ತೆ ಒಳಕ್ಕೆ ತರುತ್ತಾನೆ. "ಹೊರಗೆ ಹೋಗ್ಬೇಕಾ?" ಇಲ್ಲ. "ನನ್ನನ್ನ ಓಡಿಸ್ತಿದ್ದೀಯಾ?" ಸ್ವಲ್ಪ ತಡೆದು, ಇಲ್ಲ. ಸುಮ್ಮನೆ ಕಾದೆ. ಅವನು ಇನ್ನೊಮ್ಮೆ ನಿಧಾನವಾಗಿ ಕೈ ತೋರಿಸಿದಾಗ ಹೊಳೆಯಿತು. ಮನೆಗೆ ಬಂದವರು ಹೊರಟಾಗ ಮನೆಯವರು ಹೇಳುವ ಮಾತು. ನನ್ನ ಮನೆಯಲ್ಲಿದ್ದಾಗ ಅದನ್ನು ಯಾರಿಗೂ ಹೇಳುವ ಹಾಗಿರಲಿಲ್ಲ ಅವನು.

ಒಂಬತ್ತನೆಯ ಬಿಲ್ಲೆಯನ್ನು ಇವತ್ತು ಜೋಡಿಸಿಕೊಟ್ಟೆ. ಚೆನ್ನಾಗಿ ತೊಳೆದು, ಕಲಾಯಿ ಹಾಕಿ. ಟೀ ಕುಡಿದೆವು, ಜಗಳವಾಡಿದೆವು, ಕತ್ತಲಾಗುವ ಮೊದಲು ಚಪ್ಪಲಿ ಮೆಟ್ಟಿದೆ. ಹಿಂದಿನಿಂದ ಸಣ್ಣ ಸದ್ದು. ತಿರುಗಿ ನೋಡಿದರೆ ದೀಪದ ಬೆಳಕಿನಲ್ಲಿ ಹೋಗಿ ಬಾ.

"ಬರ್ತೀನಿ ಕಣೋ," ಎಂದೆ.